ನಿವೃತ್ತಿಯ ಹಣಕ್ಕೆ ಸಲಹೆ ಕೇಳುವ ಮುನ್ನ: ಪಿಂಚಣಿದಾರರು ಅನುಸರಿಸಬೇಕಾದ ಕ್ರಮಗಳು

ನಿವೃತ್ತಿಯ ಆಸುಪಾಸಿನ ಕೆಲವೇ ವಾರಗಳಲ್ಲಿ ಗ್ರಾಚ್ಯುಟಿ, ಗಳಿಕೆ ರಜೆಯ ನಗದು, ಭವಿಷ್ಯ ನಿಧಿ, ಪಿಂಚಣಿ ಪರಿವರ್ತನೆಯ ಮೊತ್ತ (ತಿಂಗಳ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಒಟ್ಟಿಗೆ ಪಡೆಯುವ ಹಣ) ಎಲ್ಲವೂ ಒಂದೇ ಖಾತೆಗೆ ಬಂದು ಸೇರುತ್ತವೆ. ಇಡೀ ಬದುಕಿನಲ್ಲಿ ಒಮ್ಮೆಯೂ ಅಷ್ಟು ದೊಡ್ಡ ಮೊತ್ತವನ್ನು ಒಟ್ಟಿಗೆ ಕಾಣದ ಶಿಕ್ಷಕರು, ಗುಮಾಸ್ತರು, ಕಾರ್ಖಾನೆಯ ಕಾರ್ಮಿಕರು ಆ ಹೊತ್ತಿನಲ್ಲಿ ಯಾರನ್ನಾದರೂ ಕೇಳೋಣವೆಂದು ಹೊರಡುವುದು ಸಹಜ. ಅವರು ಕೇಳುವುದಕ್ಕೆ ಮೊದಲೇ ಸಲಹೆ ಕೊಡುವವರು ಮನೆ ಬಾಗಿಲಿಗೆ ಬರುವುದೂ ಉಂಟು. ಸಲಹೆ ಕೇಳುವುದು ತಪ್ಪಲ್ಲ, ಬಹಳ ಮಂದಿಗೆ ಅದು ಅಗತ್ಯವೂ ಹೌದು. ಆದರೆ ಪಿಂಚಣಿಗೆ ಸಂಬಂಧಿಸಿದ ಹಲವು ತೀರ್ಮಾನಗಳನ್ನು ಒಮ್ಮೆ ಸಹಿ ಹಾಕಿದ ಮೇಲೆ ಬದಲಿಸಲಾಗುವುದಿಲ್ಲ. ನಲವತ್ತರ ವಯಸ್ಸಿನಲ್ಲಿ ಕಳೆದುಕೊಂಡ ಹಣವನ್ನು ದುಡಿದು ತುಂಬಬಹುದು, ಅರವತ್ತರ ನಂತರ ಆ ದಾರಿ ಇರುವುದಿಲ್ಲ. ಆದ್ದರಿಂದ ಸಲಹೆಯ ಗುಣಮಟ್ಟವನ್ನು ಅಳೆಯುವ ಮೊದಲು ಸಲಹೆ ಕೊಡುವವರಿಗೆ ಸಂಬಳ ಯಾರಿಂದ ಬರುತ್ತದೆ ಎಂಬುದನ್ನು ತಿಳಿಯಬೇಕು, ಅವಸರದ ಸಹಿಯಿಂದ ದೂರವಿರಬೇಕು. ಈ ಲೇಖನದ ಎಲ್ಲ ಹಂತಗಳೂ ಈ ಎರಡು ಮಾತುಗಳಿಂದಲೇ ಹುಟ್ಟಿದವು.

ಮೊದಲ ಹಂತ: ನಿಮ್ಮ ಪಿಂಚಣಿಯ ಲೆಕ್ಕವನ್ನು ನೀವೇ ಬರೆದಿಟ್ಟುಕೊಳ್ಳಿ

ಯಾರ ಬಳಿಗಾದರೂ ಹೋಗುವ ಮೊದಲು ನಿಮಗೆ ಅನ್ವಯಿಸುವ ಪಿಂಚಣಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಕೇಂದ್ರ ಸರ್ಕಾರದ ಸೇವೆಗೆ 2004ರ ಜನವರಿ 1ರಿಂದ ಈಚೆಗೆ, ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಸಾಮಾನ್ಯವಾಗಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ಗೆ ಒಳಪಡುತ್ತಾರೆ. ಅದಕ್ಕೂ ಹಿಂದೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇರುತ್ತದೆ. ಖಾಸಗಿ ಕಂಪನಿ, ಕಾರ್ಖಾನೆ, ಗಾರ್ಮೆಂಟ್ಸ್ ಮುಂತಾದ ಕಡೆ ದುಡಿದು ಪಿಎಫ್ ಕಡಿತವಾದವರಿಗೆ 1995ರ ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್, ಅನ್ವಯಿಸುತ್ತದೆ. ಕೇಂದ್ರ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ಎಂಬ ಇನ್ನೊಂದು ಆಯ್ಕೆಯೂ ಸೇರಿಕೊಂಡಿದೆ. ಇವುಗಳ ನಿಯಮಗಳು ಒಂದಕ್ಕೊಂದು ಹೊಂದುವುದಿಲ್ಲ. ಸಹೋದ್ಯೋಗಿಗೆ ಸರಿಯಾದದ್ದು ನಿಮಗೂ ಸರಿಯಾದೀತೆಂದು ತಿಳಿಯುವುದರಿಂದಲೇ ಅನೇಕ ತೊಡಕುಗಳು ಆರಂಭವಾಗುತ್ತವೆ.

ಇಪಿಎಸ್ ವಿಷಯದಲ್ಲಿ ತಪ್ಪು ಲೆಕ್ಕಗಳು ಅತಿ ಹೆಚ್ಚು ಹರಿದಾಡುವುದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು ಎಂಬುದು ಸೂತ್ರ. ಸಂಬಳದ ಮಿತಿ 15,000 ರೂಪಾಯಿ. 28 ವರ್ಷ ದುಡಿದವರಿಗೆ ತಿಂಗಳಿಗೆ 6,000 ರೂಪಾಯಿ ಬರುತ್ತದೆ ಎಂದು ಮಧ್ಯವರ್ತಿಯೊಬ್ಬ ಕ್ಯಾಲ್ಕ್ಯುಲೇಟರ್ ಒತ್ತಿ ತೋರಿಸಿದರೆ ಗುಣಾಕಾರದಲ್ಲಿ ತಪ್ಪೇನೂ ಕಾಣಿಸದು. ಆದರೆ ಆ ಮಿತಿ 15,000ಕ್ಕೆ ಏರಿದ್ದು 2014ರ ಸೆಪ್ಟೆಂಬರ್ 1ರಿಂದ, ಅದಕ್ಕಿಂತ ಹಿಂದಿನ ಸೇವೆಯನ್ನು 6,500 ರೂಪಾಯಿಯ ಮಿತಿಯಲ್ಲೇ ಲೆಕ್ಕ ಹಾಕಲಾಗುತ್ತದೆ. ಆ 28 ವರ್ಷಗಳಲ್ಲಿ 17 ವರ್ಷ 2014ರ ಆ ದಿನಾಂಕಕ್ಕೆ ಮೊದಲಿನದು, 11 ವರ್ಷ ನಂತರದ್ದು ಎಂದಿಟ್ಟುಕೊಂಡರೆ ಮೊದಲ ಭಾಗಕ್ಕೆ ಸುಮಾರು 1,578 ರೂಪಾಯಿ, ಎರಡನೆಯದಕ್ಕೆ ಸುಮಾರು 2,357 ರೂಪಾಯಿ, ಒಟ್ಟು 3,935 ರೂಪಾಯಿ ಆಗುತ್ತದೆ. 20 ವರ್ಷಕ್ಕಿಂತ ಹೆಚ್ಚು ಸೇವೆ ಸಲ್ಲಿಸಿದವರಿಗೆ ಸಿಗುವ ಎರಡು ವರ್ಷಗಳ ಹೆಚ್ಚುವರಿ ಲಾಭವನ್ನು ಸೇರಿಸಿದರೂ ಅದು 4,400ನ್ನು ಮುಟ್ಟುವುದಿಲ್ಲ. 6,000 ಬರುತ್ತದೆಂದು ನಂಬಿ ಉಳಿದ ಹಣವನ್ನು ದೀರ್ಘಾವಧಿಗೆ ಕಟ್ಟಿಹಾಕಿದವರು ಮೊದಲ ತಿಂಗಳಿಂದಲೇ ಕೈಖರ್ಚಿಗೆ ಪರದಾಡಬೇಕಾಗುತ್ತದೆ.

ಈ ವಿವರಗಳನ್ನು ಪಡೆಯಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಪಿಎಫ್ ಪಾಸ್‌ಬುಕ್ ಮತ್ತು ಸೇವಾ ಇತಿಹಾಸ ಯುಎಎನ್, ಅಂದರೆ ಪಿಎಫ್ ಸದಸ್ಯರಿಗೆ ಕೊಡುವ ಖಾಯಂ ಸಂಖ್ಯೆಯ ಮೂಲಕ ಉಚಿತವಾಗಿ ಸಿಗುತ್ತವೆ, ಸಂದೇಹವಿದ್ದರೆ 14470 ಸಹಾಯವಾಣಿ ಇದೆ. ರಾಜ್ಯ ಸರ್ಕಾರಿ ನೌಕರರು ತಮ್ಮ ಕಚೇರಿಯ ವೇತನ ಬಟವಾಡೆ ಅಧಿಕಾರಿಯಿಂದಲೂ ಖಜಾನೆಯಿಂದಲೂ ಮಾಹಿತಿ ಪಡೆಯಬಹುದು. ಪಿಎಫ್ ಬಿಡಿಸಿಕೊಡುತ್ತೇನೆಂದು ಮೊತ್ತದಲ್ಲಿ ಶೇಕಡಾವಾರು ಪಾಲು ಕೇಳುವವರು ಮಾಡುವುದೆಲ್ಲ ನೀವೇ, ಅಥವಾ ಮೊಬೈಲ್ ಬಲ್ಲ ಮನೆಯ ಮಕ್ಕಳೇ, ಮಾಡಬಹುದಾದ ಕೆಲಸ. ಅಂಥವರಿಗೆ ಪಾಸ್‌ವರ್ಡ್ ಮತ್ತು ಒಟಿಪಿ ಕೊಟ್ಟರೆ ಖಾತೆಯನ್ನೇ ಒಪ್ಪಿಸಿದಂತಾಗುತ್ತದೆ.

ಒಂದು ಹಾಳೆಯಲ್ಲಿ ತಿಂಗಳಿಗೆ ಖಚಿತವಾಗಿ ಬರುವ ಪಿಂಚಣಿ, ತಿಂಗಳ ಮನೆ ಖರ್ಚು, ತೀರಿಸಬೇಕಾದ ಸಾಲ, ಆರೋಗ್ಯ ವಿಮೆಯ ಕಂತು, ಕೈಗೆ ಬರುವ ಇಡುಗಂಟು ಇಷ್ಟನ್ನು ಬರೆಯಿರಿ. ಖರ್ಚಿಗೂ ಪಿಂಚಣಿಗೂ ನಡುವಿನ ಅಂತರವನ್ನು ತುಂಬುವುದು ಹೇಗೆ ಎಂಬುದಷ್ಟೇ ನೀವು ಸಲಹೆಗಾರರಿಗೆ ಕೇಳಬೇಕಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕೊಡದೆ ಬೇರೇನನ್ನೋ ಮಾರಲು ಹೊರಟವರು ಯಾರೆಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಎರಡನೆಯ ಹಂತ: ಎದುರಿಗೆ ಕುಳಿತವರು ಯಾರು ಎಂದು ತಿಳಿಯಿರಿ

ನಮ್ಮಲ್ಲಿ ಸಲಹೆಗಾರ ಎಂಬ ಹೆಸರಿನಲ್ಲಿ ಹಲವು ಬಗೆಯ ಜನ ಕೆಲಸ ಮಾಡುತ್ತಾರೆ. ಷೇರು ಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ 2013ರ ನಿಯಮಗಳ ಪ್ರಕಾರ ನೋಂದಣಿಯಾದ ಹೂಡಿಕೆ ಸಲಹೆಗಾರರಿಗೆ ‘ಐಎನ್‌ಎ’ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಅವರು ನಿಮ್ಮಿಂದ ಶುಲ್ಕ ಪಡೆಯುತ್ತಾರೆ, ಸಲಹೆ ಕೊಟ್ಟ ಗ್ರಾಹಕರಿಗೇ ಹೂಡಿಕೆಗಳನ್ನು ಮಾರಿ ಕಮಿಷನ್ ಪಡೆಯುವಂತಿಲ್ಲ. ಇಡೀ ದೇಶದಲ್ಲಿ ಇಂಥವರ ಸಂಖ್ಯೆ ಬಹಳ ಕಡಿಮೆ. ಮ್ಯೂಚುವಲ್ ಫಂಡ್ ವಿತರಕರ ಬಳಿ ‘ಎಆರ್‌ಎನ್’ ಸಂಖ್ಯೆ ಇರುತ್ತದೆ, ಅವರ ಆದಾಯ ಫಂಡ್ ಕಂಪನಿ ಕೊಡುವ ಕಮಿಷನ್. ವಿಮಾ ಏಜೆಂಟರಿಗೆ ವಿಮಾ ಕಂಪನಿಯ ಕಮಿಷನ್. ಬ್ಯಾಂಕಿನ ಸಿಬ್ಬಂದಿಗೆ ಸಂಬಳ ಬ್ಯಾಂಕಿನದಾದರೂ, ತಿಂಗಳಿಗೆ ಇಷ್ಟು ಪಾಲಿಸಿ ಮಾಡಿಸಬೇಕೆಂಬ ಗುರಿ ತಲೆಯ ಮೇಲಿರುತ್ತದೆ.

ಕಮಿಷನ್ ಪಡೆಯುವವರೆಲ್ಲ ಕೆಟ್ಟವರಲ್ಲ. ಪ್ರಾಮಾಣಿಕವಾಗಿ ದುಡಿಯುವ, ವಿಮೆಯ ಹಣ ಪಡೆಯಬೇಕಾದ ಹೊತ್ತಿನಲ್ಲಿ ಮನೆಗೆ ಬಂದು ನೆರವಾಗುವ ಏಜೆಂಟರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆದರೆ ಕಮಿಷನ್ ಎತ್ತ ಕಡೆ ಎಳೆಯುತ್ತದೆ ಎಂಬುದು ತಿಳಿದಿರಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನೇ ತೆಗೆದುಕೊಳ್ಳಿ. ಅಂಚೆ ಕಚೇರಿಯಲ್ಲಿಯೂ ಬ್ಯಾಂಕಿನಲ್ಲಿಯೂ ಸಿಗುವ ಈ ಯೋಜನೆಗೆ ಕೇಂದ್ರ ಸರ್ಕಾರದ ಖಾತರಿ ಇದೆ, ಒಬ್ಬರು 30 ಲಕ್ಷ ರೂಪಾಯಿವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ದರವನ್ನು ಶೇ 8.2ಕ್ಕೆ ಏರಿಸಲಾಯಿತು. ದರದ ಪರಿಶೀಲನೆ ಮೂರು ತಿಂಗಳಿಗೊಮ್ಮೆ ನಡೆಯುವುದರಿಂದ ಇಡುವ ದಿನದ ದರವನ್ನು ಕೇಳಿಕೊಳ್ಳಬೇಕು, ಆದರೆ ಇಟ್ಟ ದಿನದ ದರ ಐದು ವರ್ಷಗಳ ಅವಧಿಗೂ ಬದಲಾಗದು. ನಿವೃತ್ತರಿಗೆ ಇಷ್ಟು ಹೊಂದುವ ಯೋಜನೆಯ ಮಾತನ್ನು ಮನೆಗೆ ಬರುವ ಸಲಹೆಗಾರರು ಅಪರೂಪಕ್ಕೂ ಎತ್ತದಿರಲು ಸರಳವಾದ ಕಾರಣವಿದೆ: ಇದರ ಮೇಲಿನ ಏಜೆಂಟ್ ಕಮಿಷನ್ 2011ರ ಡಿಸೆಂಬರ್‌ನಿಂದಲೇ ರದ್ದಾಗಿದೆ. ನನ್ನ ಮಟ್ಟಿಗೆ ಸಲಹೆಗಾರರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ತಾವಾಗಿಯೇ ಈ ಯೋಜನೆಯನ್ನು ಸೂಚಿಸಿದವರ ಉಳಿದ ಮಾತುಗಳನ್ನು ಇನ್ನಷ್ಟು ಗಮನವಿಟ್ಟು ಕೇಳಬಹುದು.

‘ಈ ಯೋಜನೆಗೆ ನಾನು ಸೇರಿದರೆ ನಿಮಗೆ ಎಷ್ಟು ಬರುತ್ತದೆ?’ ಎಂದು ನೇರವಾಗಿ ಕೇಳಿ. ಪ್ರಶ್ನೆ ಒರಟಾಗಿ ಕಾಣಬಹುದು, ಹಿರಿಯರಿಗಂತೂ ಬಾಯಿಗೆ ಬರುವುದಿಲ್ಲ. ವಾಸ್ತವವಾಗಿ ನಮ್ಮ ಕಡೆ ನಿವೃತ್ತರ ಹಣ ಹೋಗುವುದು ಅಪರಿಚಿತರ ಮೋಸದಿಂದ ಎಷ್ಟೋ ಅಷ್ಟೇ ಪರಿಚಿತರ ದಾಕ್ಷಿಣ್ಯದಿಂದಲೂ ಹೌದು. ತಂಗಿಯ ಮಗ ಹೊಸದಾಗಿ ಏಜೆನ್ಸಿ ತೆಗೆದುಕೊಂಡಿರುತ್ತಾನೆ, ಹಳೆಯ ವಿದ್ಯಾರ್ಥಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಬಂದು ‘ಸರ್, ಒಂದು ಸಹಿ ಹಾಕಿ ಸಾಕು’ ಎನ್ನುತ್ತಾನೆ, ಬೀಗರ ಕಡೆಯವರೊಬ್ಬರು ಮಗಳ ಮನೆಯ ನೆಪ ಹೇಳಿ ಬಂದು ಕೂರುತ್ತಾರೆ. ಇವರಿಗೆ ಇಲ್ಲ ಎನ್ನುವುದು ಕಷ್ಟ. ಅದಕ್ಕಾಗಿ ಮೊದಲೇ ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಿ: ‘ಹಣದ ವಿಷಯವನ್ನು ಮನೆಯಲ್ಲಿ ಎಲ್ಲರೂ ಕುಳಿತು ಮೂರು ತಿಂಗಳ ನಂತರವೇ ತೀರ್ಮಾನಿಸುವುದೆಂದು ಮಾತಾಗಿದೆ, ಕಾಗದಪತ್ರ ಕೊಟ್ಟು ಹೋಗಿ, ಓದಿರುತ್ತೇನೆ.’ ಸಂಬಂಧವೂ ಕೆಡುವುದಿಲ್ಲ, ಸಹಿಯೂ ಬೀಳುವುದಿಲ್ಲ.

ನೋಂದಣಿ ಸಂಖ್ಯೆ ಹೇಳಿದ ಮಾತ್ರಕ್ಕೆ ನಂಬಬೇಡಿ. ಸೆಬಿಯ ಜಾಲತಾಣದಲ್ಲಿ ನೋಂದಾಯಿತ ಸಲಹೆಗಾರರ ಪಟ್ಟಿ ಇದೆ, ಅಲ್ಲಿ ಹೆಸರು, ಸಂಖ್ಯೆ, ವಿಳಾಸ ಮೂರೂ ಹೊಂದುತ್ತವೆಯೇ ನೋಡಿ. ಬೇರೆಯವರ ಸಂಖ್ಯೆಯನ್ನು ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿನಲ್ಲಿ ಹಾಕಿಕೊಂಡು ಸಲಹೆ ನೀಡುವ ವಂಚಕರಿದ್ದಾರೆ. ಖಚಿತ ಲಾಭದ ಭರವಸೆ ಕೊಡಲು ನೋಂದಾಯಿತ ಸಲಹೆಗಾರರಿಗೂ ಅನುಮತಿ ಇಲ್ಲ. ಷೇರು ಪೇಟೆಯ ಹೂಡಿಕೆಗೆ ಯಾರಾದರೂ ತಿಂಗಳಿಗೆ ಇಷ್ಟೇ ಶೇಕಡಾ ಖಂಡಿತ ಎಂದರೆ ಅಲ್ಲಿಂದ ಏಳುವುದೇ ಸರಿ.

ಮೂರನೆಯ ಹಂತ: ಬಾಯಿಮಾತನ್ನು ಕಾಗದಕ್ಕೆ ಇಳಿಸಿ, ಲೆಕ್ಕವನ್ನು ಬಿಡಿಸಿ ನೋಡಿ

ಭೇಟಿಗೆ ಒಬ್ಬರೇ ಹೋಗಬೇಡಿ. ಪತಿ ಅಥವಾ ಪತ್ನಿ ಕಡ್ಡಾಯವಾಗಿ ಜೊತೆಗಿರಲಿ, ಏಕೆಂದರೆ ನಿಮ್ಮ ನಂತರ ಆ ತೀರ್ಮಾನದೊಂದಿಗೆ ಬದುಕಬೇಕಾದವರು ಅವರು. ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಡುವಂತೆ, ಅಥವಾ ಇ–ಮೇಲ್ ಕಳುಹಿಸುವಂತೆ ಕೇಳಿ. ಬಾಯಲ್ಲಿ ಶೇ 9 ಎಂದವರು ಕಾಗದದಲ್ಲಿ ಹಾಗೆ ಬರೆಯಲು ಹಿಂಜರಿದರೆ ಉತ್ತರ ಸಿಕ್ಕಂತೆಯೇ.

ಬಹಳ ಸಲ ಕೇಳಿಬರುವ ಒಂದು ಮಾತನ್ನು ಉದಾಹರಣೆಗೆ ಬಿಡಿಸೋಣ. ‘ವರ್ಷಕ್ಕೆ ಒಂದು ಲಕ್ಷದಂತೆ ಹತ್ತು ವರ್ಷ ಕಟ್ಟಿ, ಇಪ್ಪತ್ತನೇ ವರ್ಷಕ್ಕೆ ಇಪ್ಪತ್ತು ಲಕ್ಷ ಖಚಿತ, ಹಣ ದುಪ್ಪಟ್ಟು’ ಎನ್ನುತ್ತಾರೆ. ಮೊದಲ ಕಂತು 20 ವರ್ಷ ಅವರ ಬಳಿ ಇರುತ್ತದೆ, ಹತ್ತನೆಯ ಕಂತು 11 ವರ್ಷ ಇರುತ್ತದೆ, ಸರಾಸರಿ ಹದಿನೈದೂವರೆ ವರ್ಷ. 72ನ್ನು ಹಣ ದುಪ್ಪಟ್ಟಾಗಲು ಹಿಡಿಯುವ ವರ್ಷಗಳಿಂದ ಭಾಗಿಸಿದರೆ ವಾರ್ಷಿಕ ದರ ಸುಮಾರಾಗಿ ಸಿಗುತ್ತದೆ. ಇಲ್ಲಿ ಅದು ಶೇ 4.6ರ ಹತ್ತಿರ, ನಿಖರವಾಗಿ ಲೆಕ್ಕ ಹಾಕಿದರೆ ಶೇ 4.5ರ ಆಸುಪಾಸು. ಅರವತ್ತು ದಾಟಿದವರು ಎಂಬತ್ತರವರೆಗೆ ಕಾಯಬೇಕಾದ ಯೋಜನೆಗೆ ಸಿಗುವ ಪ್ರತಿಫಲ ಇಷ್ಟು. ಜೊತೆಗೆ ಇನ್ನೊಂದು ಅಪಾಯವಿದೆ: ಒಮ್ಮೆ ಕಟ್ಟಿದರೆ ಮುಗಿಯಿತು ಎಂದು ಹೇಳಿ ಪ್ರತಿ ವರ್ಷ ಕಂತು ಕಟ್ಟುವ ಪಾಲಿಸಿಗೆ ಸಹಿ ಹಾಕಿಸಿದರೆ, ಎರಡನೇ ವರ್ಷ ನೋಟಿಸ್ ಬಂದಾಗಲೇ ವಿಷಯ ತಿಳಿಯುವುದು. ಅಷ್ಟರಲ್ಲಿ ಬಿಟ್ಟುಬಿಡಲು ಹೋದರೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಹೋಗಿರುತ್ತದೆ. ಅರ್ಜಿಯಲ್ಲಿ ‘ಕಂತು ಕಟ್ಟುವ ಅವಧಿ’ ಎಂಬ ಸಾಲನ್ನು ಬೆರಳಿಟ್ಟು ಓದಿ, ಖಾಲಿ ಬಿಟ್ಟ ಅರ್ಜಿಗೆ ಎಂದಿಗೂ ಸಹಿ ಹಾಕಬೇಡಿ. ಲಾಕರ್ ಬೇಕಾದರೆ ಪಾಲಿಸಿ ಮಾಡಿಸಲೇಬೇಕು ಎಂಬ ಮಾತಿಗೆ ಯಾವ ನಿಯಮದ ಆಧಾರವೂ ಇಲ್ಲ.

ಮ್ಯೂಚುವಲ್ ಫಂಡ್‌ಗಳಲ್ಲಿ ಕಣ್ಣಿಗೆ ಕಾಣದಂತೆ ಹೋಗುವ ವೆಚ್ಚವಿದೆ. 2013ರಿಂದ ಪ್ರತಿ ಫಂಡ್‌ಗೂ ‘ಡೈರೆಕ್ಟ್’ ಮತ್ತು ‘ರೆಗ್ಯುಲರ್’ ಎಂಬ ಎರಡು ರೂಪಗಳಿವೆ, ಎರಡನೆಯದರಲ್ಲಿ ವಿತರಕರ ಕಮಿಷನ್ ಸೇರಿರುತ್ತದೆ. ವ್ಯತ್ಯಾಸ ಶೇ 0.75 ಎಂದಿಟ್ಟುಕೊಂಡರೂ 30 ಲಕ್ಷದ ಮೇಲೆ ವರ್ಷಕ್ಕೆ 22,500 ರೂಪಾಯಿ ಆಗುತ್ತದೆ. ವಿತರಕರ ಸೇವೆ ಆ ಬೆಲೆಗೆ ತಕ್ಕದ್ದೆನಿಸಿದರೆ ಸಂತೋಷದಿಂದ ಕೊಡಿ, ಆದರೆ ಸಲಹೆ ಉಚಿತವೆಂದು ಭಾವಿಸಬೇಡಿ.

ನಾಲ್ಕನೆಯ ಹಂತ: ಹಿಂದಿರುಗಿಸಲಾಗದ ತೀರ್ಮಾನಗಳನ್ನು ಕೊನೆಗೆ ಇಟ್ಟುಕೊಳ್ಳಿ

ಎನ್‌ಪಿಎಸ್‌ನಿಂದ ಹೊರಬರುವಾಗ ಸರ್ಕಾರಿ ನೌಕರರು ಒಟ್ಟು ಮೊತ್ತದ ಕನಿಷ್ಠ ಶೇ 40ರಷ್ಟನ್ನು ಆನ್ಯುಟಿಗೆ, ಅಂದರೆ ವಿಮಾ ಕಂಪನಿಯಿಂದ ಜೀವನಪರ್ಯಂತ ಪಿಂಚಣಿ ಕೊಳ್ಳಲು, ಬಳಸಬೇಕು. ಸರ್ಕಾರೇತರ ಚಂದಾದಾರರಿಗೆ ಈ ಕನಿಷ್ಠ ಪ್ರಮಾಣವನ್ನು 2025ರ ಡಿಸೆಂಬರ್‌ನ ತಿದ್ದುಪಡಿಯಲ್ಲಿ ಶೇ 20ಕ್ಕೆ ಇಳಿಸಲಾಗಿದೆ. ಹಳೆಯ ಶೇ 40ರ ನಿಯಮವನ್ನೇ ಎಲ್ಲರಿಗೂ ಹೇಳುತ್ತಿರುವ ಸಲಹೆಗಾರರು ಒಂದೋ ನಿಯಮ ಓದಿಲ್ಲ, ಇಲ್ಲವೇ ಆನ್ಯುಟಿ ಮಾರಾಟದಲ್ಲಿ ಅವರಿಗೆ ಆಸಕ್ತಿ ಇದೆ. 2023ರ ಮಾರ್ಚ್ 31ಕ್ಕೇ ಮುಗಿದುಹೋದ ಪ್ರಧಾನ ಮಂತ್ರಿ ವಯ ವಂದನಾ ಯೋಜನೆಗೆ ಈಗ ಹಣ ಕಟ್ಟಿಸಿಕೊಳ್ಳುತ್ತೇವೆ ಎನ್ನುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಆನ್ಯುಟಿಯಲ್ಲಿ ಆಯ್ಕೆಯ ಹೆಸರೇ ಎಲ್ಲ. ಲೆಕ್ಕದ ಸುಲಭಕ್ಕಾಗಿ ಹೀಗೆ ಇಟ್ಟುಕೊಳ್ಳಿ: 10 ಲಕ್ಷ ರೂಪಾಯಿಗೆ ಒಂದು ಆಯ್ಕೆಯಲ್ಲಿ ವರ್ಷಕ್ಕೆ 65,000 ರೂಪಾಯಿ ಬರುತ್ತದೆ, ಮರಣಾನಂತರ 10 ಲಕ್ಷ ವಾರಸುದಾರರಿಗೆ ಮರಳುತ್ತದೆ. ಇನ್ನೊಂದರಲ್ಲಿ ವರ್ಷಕ್ಕೆ 85,000 ರೂಪಾಯಿ ಬರುತ್ತದೆ, ಅಸಲು ಮರಳುವುದಿಲ್ಲ. ಎರಡನೆಯದನ್ನು ಶೇ 8.5ರ ಬಡ್ಡಿ ಎಂದು ಮಾರುವವರಿದ್ದಾರೆ. ಅದು ಬಡ್ಡಿಯಲ್ಲ, ನಿಮ್ಮದೇ ಅಸಲನ್ನೂ ಸೇರಿಸಿ ಸ್ವಲ್ಪ ಸ್ವಲ್ಪವಾಗಿ ಹಿಂತಿರುಗಿಸುವ ವ್ಯವಸ್ಥೆ. ಕಟ್ಟಿದ ಅಸಲು ಕೈಗೆ ಬರಲೇ ಹನ್ನೊಂದು ಮುಕ್ಕಾಲು ವರ್ಷ ಬೇಕು. ನಾಲ್ಕನೇ ವರ್ಷದಲ್ಲಿ ಚಂದಾದಾರರು ತೀರಿಕೊಂಡರೆ, ಪತ್ನಿಗೆ ಮುಂದುವರಿಯುವ ಆಯ್ಕೆಯನ್ನು ಗುರುತು ಮಾಡಿರದಿದ್ದರೆ, ಮನೆಯವರಿಗೆ ಏನೂ ಬರುವುದಿಲ್ಲ. ಒಂಟಿಯಾಗಿರುವ, ಯಾರಿಗೂ ಬಿಟ್ಟುಹೋಗಬೇಕಾಗಿಲ್ಲದವರಿಗೆ ಅದೇ ಆಯ್ಕೆ ಸರಿಹೊಂದಬಹುದು. ಎರಡೂ ಕಡೆ ಆ ಮೊತ್ತ ಎಂದೂ ಏರುವುದಿಲ್ಲ, ಇಪ್ಪತ್ತು ವರ್ಷಗಳ ನಂತರವೂ ಅಷ್ಟೇ. ಕೈಗೆ ಬರುವ ಈ ಪಿಂಚಣಿ ಆದಾಯ ತೆರಿಗೆಗೂ ಒಳಪಡುತ್ತದೆ. ಅರವತ್ತು ತುಂಬಿದ ತಕ್ಷಣ ಕೊಳ್ಳಲೇಬೇಕೆಂಬ ಒತ್ತಡವೂ ಬೇಡ, ಹಿಂತೆಗೆತವನ್ನು ಮುಂದೂಡಲು ಎನ್‌ಪಿಎಸ್‌ನಲ್ಲಿ ಅವಕಾಶವಿದೆ.

ಪಿಂಚಣಿ ಪರಿವರ್ತನೆಯೂ ಇದೇ ಜಾತಿಯದು. ಪರಿವರ್ತಿಸಿದ ಭಾಗ 15 ವರ್ಷಗಳ ನಂತರವಷ್ಟೇ ಪಿಂಚಣಿಗೆ ಮರಳಿ ಸೇರುತ್ತದೆ. ಸಾಲ ತೀರಿಸಲು ಅದನ್ನು ಪಡೆಯುವುದು ಒಂದು ಮಾತು, ಯಾರೋ ಹೇಳಿದ ಹೂಡಿಕೆಗೆ ಹಾಕಲು ಪಡೆಯುವುದು ಬೇರೆ ಮಾತು.

ಐದನೆಯ ಹಂತ: ಹೆಚ್ಚು ಬಡ್ಡಿ ಎಲ್ಲಿಂದ ಬರುತ್ತದೆ ಎಂದು ಕೇಳಿ

ಬೆಂಗಳೂರಿನಲ್ಲಿ ಈ ಪಾಠವನ್ನು ಹಿರಿಯರು ದುಬಾರಿ ಬೆಲೆ ತೆತ್ತು ಕಲಿತಿದ್ದಾರೆ. 2019ರಲ್ಲಿ, ಹೆಚ್ಚಿನ ಲಾಭದ ಆಸೆ ತೋರಿಸಿ ಜನರಿಂದ ಹಣ ಸಂಗ್ರಹಿಸಿದ್ದ ಐಎಂಎ ಸಂಸ್ಥೆ ಕುಸಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮೇಲೆ ಆರ್‌ಬಿಐ ನಿರ್ಬಂಧ ಹೇರಿದಾಗ ಆರಂಭದಲ್ಲಿ ಒಬ್ಬ ಠೇವಣಿದಾರರಿಗೆ ಪಡೆಯಲು ಸಾಧ್ಯವಿದ್ದದ್ದು 35,000 ರೂಪಾಯಿ ಮಾತ್ರ. ನಿವೃತ್ತಿಯ ಇಡುಗಂಟನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯ ನಾಗರಿಕರು ಔಷಧಿಯ ಖರ್ಚಿಗಾಗಿ ಸರದಿಯಲ್ಲಿ ನಿಲ್ಲಬೇಕಾಯಿತು. ಅದು ನೋಂದಾಯಿತ ಬ್ಯಾಂಕ್ ಆಗಿತ್ತು, ಅಕ್ಕಪಕ್ಕದ ಮನೆಯವರೂ ಅಲ್ಲಿಯೇ ಇಟ್ಟಿದ್ದರು, ಆಡಳಿತದವರು ಪರಿಚಿತರಾಗಿದ್ದರು ಎಂಬುದನ್ನು ಮರೆಯಬಾರದು.

ಬ್ಯಾಂಕ್ ಠೇವಣಿಗಳಿಗೆ, ಸಹಕಾರ ಬ್ಯಾಂಕ್‌ಗಳೂ ಸೇರಿದಂತೆ, 2020ರ ಫೆಬ್ರುವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು–ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಈ ವಿಮೆ ಇಲ್ಲ. ನಮ್ಮ ಊರುಗಳಲ್ಲಿ ಎರಡರ ಫಲಕಗಳೂ ಒಂದೇ ಬೀದಿಯಲ್ಲಿ ತೂಗುತ್ತಿರುತ್ತವೆ, ಒಳಗಿನ ಕೌಂಟರು, ಪಾಸ್‌ಬುಕ್ಕು ಎಲ್ಲವೂ ಒಂದೇ ತೆರನಾಗಿರುತ್ತವೆ. ಆದ್ದರಿಂದ ಹಣ ಇಡುವ ಮೊದಲು ‘ಇದು ಆರ್‌ಬಿಐ ಪರವಾನಗಿಯ ಬ್ಯಾಂಕೋ, ಸಂಘವೋ’ ಎಂದು ಕೇಳಲೇಬೇಕು. ಠೇವಣಿ ಸಂಗ್ರಹಿಸಲು ಒಂದು ಸಂಸ್ಥೆಗೆ ಅನುಮತಿ ಇದೆಯೇ ಎಂದು ನೋಡಲು, ದೂರು ಕೊಡಲು ಆರ್‌ಬಿಐ ನಡೆಸುವ ‘ಸಚೇತ್’ ಜಾಲತಾಣವಿದೆ.

ಆರನೆಯ ಹಂತ: ಫೋನಿನಲ್ಲಿ ಬರುವ ಪಿಂಚಣಿ ಸಲಹೆಯನ್ನು ಕತ್ತರಿಸಿ

ನವೆಂಬರ್ ಬಂದೊಡನೆ ಜೀವಿತ ಪ್ರಮಾಣಪತ್ರದ ನೆಪದಲ್ಲಿ ಕರೆಗಳು ಹೆಚ್ಚುತ್ತವೆ. ಕರೆ ಮಾಡಿದವರು ಪಿಂಚಣಿ ಪಾವತಿ ಆದೇಶದ ಸಂಖ್ಯೆ, ಹುಟ್ಟಿದ ದಿನಾಂಕ, ನಿವೃತ್ತಿಯ ದಿನಾಂಕ ಎಲ್ಲವನ್ನೂ ತಾವೇ ಓದಿ ಹೇಳಿ ನಂಬಿಕೆ ಹುಟ್ಟಿಸಿ, ಕೊನೆಗೆ ಒಟಿಪಿ ಕೇಳುತ್ತಾರೆ. ಯಾವ ಪಿಂಚಣಿ ಕಚೇರಿಯೂ ಫೋನಿನಲ್ಲಿ ಒಟಿಪಿ ಪಡೆದು ಪ್ರಮಾಣಪತ್ರ ನವೀಕರಿಸುವುದಿಲ್ಲ. ಬ್ಯಾಂಕಿಗೆ ಹೋಗಿ, ಮೊಬೈಲಿನಲ್ಲಿ ಮುಖ ಗುರುತಿನ ಮೂಲಕ, ಅಥವಾ ಅಂಚೆಯಣ್ಣನನ್ನು ಮನೆಗೇ ಕರೆಸಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಸೇವೆಯಿಂದ ಇದನ್ನು ಸಲ್ಲಿಸಬಹುದು. ಎಂಬತ್ತು ದಾಟಿದ ಕೇಂದ್ರ ಪಿಂಚಣಿದಾರರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಹಣ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ವಂಚಕರ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈಗಾಗಲೇ ಸಹಿ ಹಾಕಿದ್ದರೆ

ವಿಮಾ ಪಾಲಿಸಿಯ ದಾಖಲೆ ಕೈಸೇರಿದ 30 ದಿನಗಳೊಳಗೆ ಕಾರಣ ಹೇಳದೆಯೂ ಅದನ್ನು ಹಿಂದಿರುಗಿಸಬಹುದು, ಸಣ್ಣಪುಟ್ಟ ವೆಚ್ಚ ಕಳೆದು ಕಂತು ವಾಪಸಾಗುತ್ತದೆ. ಏಜೆಂಟರ ಕೈಗೆ ಪತ್ರ ಕೊಟ್ಟು ಕಾಯಬೇಡಿ, ‘ಮುಂದಿನ ವಾರ ಮಾಡೋಣ’ ಎನ್ನುತ್ತ ಆ 30 ದಿನ ಕಳೆಯುವುದುಂಟು. ಕಂಪನಿಗೆ ನೇರವಾಗಿ ಇ–ಮೇಲ್ ಕಳುಹಿಸಿ, ಶಾಖೆಯಲ್ಲಿ ಪತ್ರ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅವಧಿ ಮೀರಿದ್ದರೂ ಸುಳ್ಳು ಹೇಳಿ ಮಾರಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ, ನಂತರ ವಿಮಾ ನಿಯಂತ್ರಣ ಸಂಸ್ಥೆಯ ದೂರು ಜಾಲತಾಣವಾದ ‘ಬಿಮಾ ಭರೋಸಾ’ದಲ್ಲಿ ಅಥವಾ 155255ಕ್ಕೆ ದೂರು ಕೊಡಬಹುದು. ಅಲ್ಲಿಯೂ ನ್ಯಾಯ ಸಿಗದಿದ್ದರೆ ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಅಲ್ಲಿ ಶುಲ್ಕವೂ ಇಲ್ಲ, ವಕೀಲರ ಅಗತ್ಯವೂ ಇಲ್ಲ. ಬ್ಯಾಂಕಿನ ವಿರುದ್ಧದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಮಾಹಿತಿಗೆ 14448 ಇದೆ. ಹೂಡಿಕೆ ಸಲಹೆಗಾರರ ಮತ್ತು ಮ್ಯೂಚುವಲ್ ಫಂಡ್‌ಗಳ ವಿರುದ್ಧದ ದೂರುಗಳನ್ನು ಸೆಬಿಯ ದೂರು ಜಾಲತಾಣವಾದ ‘ಸ್ಕೋರ್ಸ್’ನಲ್ಲಿ ದಾಖಲಿಸಬೇಕು. ಈ ಎಲ್ಲ ಕಡೆಯೂ ಮೊದಲು ಕೇಳುವುದು ಯಾವ ದಿನ, ಯಾರು, ಏನು ಹೇಳಿದರು ಎಂಬುದರ ದಾಖಲೆಯನ್ನು. ಇ–ಮೇಲ್, ವಾಟ್ಸ್‌ಆ್ಯಪ್ ಸಂದೇಶ, ಭೇಟಿಯ ದಿನ ಬರೆದಿಟ್ಟ ಟಿಪ್ಪಣಿ, ಕೊನೆಗೆ ಏಜೆಂಟರು ಲೆಕ್ಕ ಗೀಚಿ ಕೊಟ್ಟ ಚೀಟಿಯನ್ನೂ ಎಸೆಯದೆ ಪಾಲಿಸಿಯ ಕಡತದಲ್ಲೇ ಇಟ್ಟಿರಿ.